ಮೋಸೆಸ್ ಆಶ್ ಮತ್ತು ಫೋಕ್‌ವೇಸ್: ಜನಪದ ಧ್ವನಿ, ಮಾರುಕಟ್ಟೆ ಹಾಗೂ ಜನಪ್ರಿಯ ಸಂಗೀತ

ಜನಪ್ರಿಯ ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗಾಯಕರ ಖ್ಯಾತಿಯನ್ನೂ ಮಾರಾಟದ ಅಂಕಿಅಂಶಗಳನ್ನೂ ಆಧಾರವಾಗಿಸಿಕೊಳ್ಳುತ್ತಾರೆ. ಧ್ವನಿಮುದ್ರಿಕಾ ಸಂಸ್ಥೆಗಳ ಸ್ಥಾಪಕರನ್ನು ಕುರಿತ ಚರ್ಚೆಯಲ್ಲಿಯೂ ಇದೇ ಮಾನದಂಡ ಬಳಕೆಯಾಗುತ್ತದೆ. ಫೋಕ್‌ವೇಸ್ ಸಂಸ್ಥೆಯನ್ನು ಕಟ್ಟಿದ ಮೋಸೆಸ್ ಆಶ್ (1905–1986) ಅವರ ಸಾಧನೆಯನ್ನು ಈ ಅಳತೆಯಿಂದ ವಿವರಿಸಲಾಗದು.

ಯಿದ್ದಿಷ್ ಕಾದಂಬರಿಕಾರ ಶೋಲೆಮ್ ಆಶ್ ಅವರ ಪುತ್ರರಾಗಿ ವಾರ್ಸಾದಲ್ಲಿ ಜನಿಸಿದ ಅವರು ವೃತ್ತಿಯಿಂದ ರೇಡಿಯೋ ತಂತ್ರಜ್ಞರು. ಹಿಂದಿನ ಉದ್ಯಮ ದಿವಾಳಿಯಾದ ಮೇಲೆ, 1948ರಲ್ಲಿ ಮರಿಯನ್ ಡಿಸ್ಟ್ಲರ್ ಅವರೊಡನೆ ನ್ಯೂಯಾರ್ಕಿನಲ್ಲಿ ಫೋಕ್‌ವೇಸ್ ಆರಂಭಿಸಿದರು. ವುಡಿ ಗತ್ರಿ, ಲೆಡ್ ಬೆಲಿ, ಪೀಟ್ ಸೀಗರ್ ಅವರ ಗಾಯನವಲ್ಲದೆ ನಾನಾ ದೇಶಗಳ ಜನಪದ ಸಂಗೀತ, ಕಾವ್ಯವಾಚನ, ಕಪ್ಪೆಗಳ ಕೂಗು ಕೂಡ ಅಲ್ಲಿ ಮುದ್ರಿಕೆಗಳಾದವು. ಅವರ ಜೀವಿತಾವಧಿಯಲ್ಲಿ 2,000ಕ್ಕೂ ಹೆಚ್ಚು ಧ್ವನಿಮುದ್ರಿಕೆಗಳು ಹೊರಬಂದವು. ಬೇಡಿಕೆ ಕುಸಿದರೂ ಯಾವ ಮುದ್ರಿಕೆಯನ್ನೂ ಪಟ್ಟಿಯಿಂದ ಕೈಬಿಡಬಾರದೆಂಬುದು ಅವರ ನಿಲುವಾಗಿತ್ತು.

ಈ ನಿಲುವಿನ ಪರಿಣಾಮವನ್ನು ಹ್ಯಾರಿ ಸ್ಮಿತ್ ಸಂಪಾದಿಸಿದ, 1952ರಲ್ಲಿ ಫೋಕ್‌ವೇಸ್ ಪ್ರಕಟಿಸಿದ ಅಮೆರಿಕನ್ ಜನಪದ ಸಂಗೀತ ಸಂಕಲನದಲ್ಲಿ ಸ್ಪಷ್ಟವಾಗಿ ಕಾಣಬಹುದು. ಇದರಲ್ಲಿರುವ 84 ಧ್ವನಿಮುದ್ರಣಗಳು ಕ್ಷೇತ್ರಕಾರ್ಯದ ಫಲವಲ್ಲ. 1920ರ ದಶಕದ ಉತ್ತರಾರ್ಧ ಮತ್ತು 1930ರ ದಶಕದ ಆರಂಭದಲ್ಲಿ ವಾಣಿಜ್ಯ ಸಂಸ್ಥೆಗಳು ಮಾರಿದ ಗ್ರಾಮಫೋನ್ ತಟ್ಟೆಗಳಿಂದ ಆಯ್ದವು. ಆ ಸಂಸ್ಥೆಗಳು ಬಿಳಿಯರ ಹಾಗೂ ಆಫ್ರಿಕನ್ ಅಮೆರಿಕನ್ನರ ಸಂಗೀತವನ್ನು ಬೇರೆಬೇರೆ ಶ್ರೇಣಿಗಳಲ್ಲಿ ಮಾರುತ್ತಿದ್ದವು. ಸ್ಮಿತ್ ಗಾಯಕರ ಜನಾಂಗವನ್ನು ಸೂಚಿಸದೆ ಎಲ್ಲರನ್ನೂ ಒಂದೆಡೆ ಸೇರಿಸಿದರು. ಸಂಕಲನದಲ್ಲಿದ್ದ ಬ್ಲೈಂಡ್ ಲೆಮನ್ ಜೆಫರ್ಸನ್ ಅವರ ಹಾಡೊಂದು ಬಾಬ್ ಡಿಲನ್ನರ 1962ರ ಮೊದಲ ಧ್ವನಿಮುದ್ರಿಕೆಯಲ್ಲಿ ಮರುಹುಟ್ಟು ಪಡೆಯಿತು. 1928ರಲ್ಲಿ ಹಾಡಿ ಮರೆಯಾಗಿದ್ದ ಮಿಸಿಸಿಪಿ ಜಾನ್ ಹರ್ಟ್ ಅವರ ಧ್ವನಿಯನ್ನು ಹೊಸ ತಲೆಮಾರಿಗೆ ಪರಿಚಯಿಸಿದ್ದೂ ಈ ಸಂಕಲನವೇ. 1963ರಲ್ಲಿ ಅವರು ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಹಾಡಿದರು.

ಜನಪದದಿಂದ ಜನಪ್ರಿಯದೆಡೆಗಿನ ಚಲನೆ ಏಕಮುಖವಾದುದೆಂಬ ಗ್ರಹಿಕೆಯನ್ನು ಈ ನಿದರ್ಶನ ಪ್ರಶ್ನಿಸುತ್ತದೆ. ಮಾರುಕಟ್ಟೆಯ ಸರಕಾಗಿದ್ದ ಹಾಡು ಸಂಪಾದನೆಯ ಮೂಲಕ ‘ಜನಪದ’ವೆನಿಸಿಕೊಂಡು ಮತ್ತೆ ಮಾರುಕಟ್ಟೆಗೆ ಮರಳಿತು. ಇದರ ಇನ್ನೊಂದು ಮುಖವನ್ನೂ ಮರೆಯಲಾಗದು. ಸಂಕಲನವು ಮೂಲ ಸಂಸ್ಥೆಗಳ ಅನುಮತಿಯಿಲ್ಲದೆ ಪ್ರಕಟವಾಗಿತ್ತು. ಫೋಕ್‌ವೇಸ್ ಕಲಾವಿದರಿಗೆ ನೀಡುತ್ತಿದ್ದ ಅಲ್ಪ ಸಂಭಾವನೆಯ ಬಗೆಗೂ ಆಕ್ಷೇಪಗಳಿದ್ದವು. ಧ್ವನಿಯನ್ನು ಕಾಪಾಡುವುದು ಮತ್ತು ಧ್ವನಿಯ ಒಡೆಯನಿಗೆ ನ್ಯಾಯ ಒದಗಿಸುವುದು ಒಂದೇ ಅಲ್ಲ ಎಂಬುದನ್ನು ಜಾನಪದ ಅಧ್ಯಯನ ಒಪ್ಪಿಕೊಳ್ಳಬೇಕಾಗುತ್ತದೆ.

ಆಶ್ ನಿಧನರಾದ ಮರುವರ್ಷ, 1987ರಲ್ಲಿ, ಸ್ಮಿತ್‌ಸೋನಿಯನ್ ಸಂಸ್ಥೆ ಈ ಸಂಗ್ರಹವನ್ನು ಪಡೆಯಿತು. ಎಲ್ಲ ಮುದ್ರಿಕೆಗಳೂ ಸದಾ ದೊರೆಯುವಂತಿರಬೇಕೆಂಬ ಷರತ್ತು ಇದಕ್ಕಿತ್ತು. ಸಾವಿರಾರು ಜನರು ಒಮ್ಮೆಲೇ ಕೊಳ್ಳುವ ಹಾಡನ್ನು ರೂಪಿಸುವುದು ಪ್ರಭಾವದ ಒಂದು ಬಗೆ. ಯಾರೂ ಕೇಳದ ಹಾಡನ್ನು, ಕೇಳುವವನು ಬರುವವರೆಗೆ ಉಳಿಸಿಕೊಳ್ಳುವುದು ಇನ್ನೊಂದು ಬಗೆ. ಆಶ್ ಅವರ ಮಹತ್ವವಿರುವುದು ಈ ಎರಡನೆಯದರಲ್ಲಿ. ಅವರು ಬಾಕಿ ಉಳಿಸಿದ ಪ್ರಶ್ನೆಯೆಂದರೆ ಹಾಡಿದವರಿಗೆ ಸಲ್ಲಬೇಕಾದ ಪಾಲು.