ಸೂಜಿ ಕಾಲು ಭಾಗ ದಾಟಬಾರದು

ಅಮೆರಿಕದ ಹಾರಾಟ ಶಾಲೆಗಳಲ್ಲಿ ಒಂದು ಬಗೆಯ ಕೋರ್ಸ್ ಇದೆ. ಶುಕ್ರವಾರ ಬೆಳಿಗ್ಗೆ ಹೋಗಿ ಸೇರುವುದು, ಎರಡು ದಿನ ಸಣ್ಣ ಎರಡೆಂಜಿನ್ ವಿಮಾನದಲ್ಲಿ ಅಭ್ಯಾಸ ಮಾಡುವುದು, ಮೂರನೆಯ ದಿನ ಪರೀಕ್ಷಕರ ಜೊತೆ ಹಾರಿ, ಪಾಸಾಗಿ, ಪೈಲಟ್ ಲೈಸೆನ್ಸ್‌ಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಪಡೆದು ಮನೆಗೆ ಮರಳುವುದು. ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್, ಚಿಕ್ಕದಾಗಿ ಎಟಿಪಿ. ‘ಮೂರು ದಿನದಲ್ಲಿ ಆಗುತ್ತದಾ ಸರ್?’ ಎಂದು ತರುಣ ಪೈಲಟ್‌ಗಳು ಕೇಳುತ್ತಾರೆ. ಆಗುತ್ತದೆ. ಆದರೆ ಆ ಮೂರು ದಿನದಲ್ಲಿ ಯಾರೂ ಹಾರುವುದನ್ನು ಕಲಿಸುವುದಿಲ್ಲ. ಕಲಿತಿರುವುದು ಎಷ್ಟು ಬಿಗಿಯಾಗಿದೆ ಎಂದು ನೋಡುತ್ತಾರೆ. ತಯಾರಿಯೆಲ್ಲ ಶುಕ್ರವಾರಕ್ಕೆ ಮೊದಲೇ ಮುಗಿದಿರಬೇಕು.

ಆ ಶುಕ್ರವಾರವೂ ಈಗ ಮೊದಲಿನಷ್ಟು ಹತ್ತಿರದಲ್ಲಿಲ್ಲ. 2009ರ ಫೆಬ್ರವರಿ 12ರ ರಾತ್ರಿ ಬಫೆಲೊ ನಗರದ ಬಳಿ ಕೋಲ್ಗನ್ ಏರ್ ಸಂಸ್ಥೆಯ ಕ್ಯೂ400 ವಿಮಾನ ಬಿದ್ದು 50 ಜನ ಸತ್ತರು. ವೇಗ ಕುಸಿದು ಸ್ಟಾಲ್‌ನ, ಅಂದರೆ ರೆಕ್ಕೆಗಳು ಎತ್ತುವ ಶಕ್ತಿ ಕಳೆದುಕೊಳ್ಳುವುದರ, ಎಚ್ಚರಿಕೆ ಬಂದಾಗ ವಿಮಾನದ ಮೂತಿಯನ್ನು ಕೆಳಗೆ ಒತ್ತಬೇಕಿತ್ತು. ಕ್ಯಾಪ್ಟನ್ ಹಿಂದಕ್ಕೆ ಎಳೆದರು. ಆ ದುರಂತದ ನಂತರ ಅಮೆರಿಕದ ಸಂಸತ್ತು 2010ರಲ್ಲಿ ಕಾನೂನು ಮಾಡಿತು, ಅದರ ನಿಯಮಗಳು 2013ರಲ್ಲಿ ಬಂದವು. ಏರ್‌ಲೈನ್‌ನ ಕೋ-ಪೈಲಟ್‌ಗೂ ಎಟಿಪಿ ಕಡ್ಡಾಯವಾಯಿತು. 2014ರ ಆಗಸ್ಟ್‌ನಿಂದ ಈಚೆಗೆ, ಎರಡೆಂಜಿನ್ ಎಟಿಪಿಯ ಲಿಖಿತ ಪರೀಕ್ಷೆಗೆ ಕೂರುವ ಮೊದಲೇ ಸಿಟಿಪಿ ಎಂಬ ಇನ್ನೊಂದು ಕೋರ್ಸ್ ಮುಗಿಸಬೇಕು: 30 ಗಂಟೆ ಪಾಠ, 10 ಗಂಟೆ ಸಿಮ್ಯುಲೇಟರ್. ದೊಡ್ಡ ಜೆಟ್ ಹೇಗೆ ಸ್ಟಾಲ್ ಆಗುತ್ತದೆ, ಎತ್ತರದಲ್ಲಿ ಅದರ ವೇಗದ ಅಂತರ ಎಷ್ಟು ಕಿರಿದು ಎಂಬುದು ಅಲ್ಲಿಯ ಪಾಠ. ಬಫೆಲೊದ ಆ ಇಬ್ಬರೂ ಪೈಲಟ್‌ಗಳಿಗೆ 1500 ಗಂಟೆಗಿಂತ ಹೆಚ್ಚು ಹಾರಾಟವಿತ್ತು ಎನ್ನುವುದನ್ನು ಮರೆಯಬಾರದು. ಲಾಗ್‌ಬುಕ್‌ನ ಗಂಟೆಗಳು ಬೇಕು, ಆದರೆ ಎಚ್ಚರಿಕೆಯ ಕ್ಷಣದಲ್ಲಿ ಕೈ ಯಾವ ಕಡೆ ಹೋಗುತ್ತದೆ ಎಂಬುದನ್ನು ಅವು ಹೇಳುವುದಿಲ್ಲ. ಹಾಗಾಗಿ ಸಿಟಿಪಿ ದುಬಾರಿಯಾದರೂ ಬಂದದ್ದು ಒಳ್ಳೆಯದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಟಿಪಿ ಲೈಸೆನ್ಸ್‌ಗೆ ವಯಸ್ಸು 23 ಆಗಿರಬೇಕು. ಒಟ್ಟು 1500 ಗಂಟೆ ಹಾರಾಟದಲ್ಲಿ ಊರಿಂದೂರಿಗೆ 500, ರಾತ್ರಿ 100, ಬರೀ ಉಪಕರಣ ನೋಡಿಕೊಂಡು ಹಾರಿದ್ದು 75 ಗಂಟೆ ಇರಬೇಕು. ಇದರ ಜೊತೆಗೆ ಒಂದು ಅಪರೂಪದ ಷರತ್ತು ಇದೆ: ಅಭ್ಯರ್ಥಿ ಸನ್ನಡತೆಯವನಾಗಿರಬೇಕು. ಕೆಳಗಿನ ಲೈಸೆನ್ಸ್‌ಗಳಲ್ಲಿ ಈ ಮಾತಿಲ್ಲ. ಇನ್ನೂ ಒಂದು ವಿಶೇಷ. ಪ್ರೈವೇಟ್, ಕಮರ್ಷಿಯಲ್ ಪರೀಕ್ಷೆಗಳಿಗೆ ಹೋಗುವಾಗ ‘ಇವನು ತಯಾರಾಗಿದ್ದಾನೆ’ ಎಂದು ಶಿಕ್ಷಕರು ಲಾಗ್‌ಬುಕ್‌ನಲ್ಲಿ ಸಹಿ ಹಾಕಬೇಕು. ಸಣ್ಣ ವಿಮಾನದಲ್ಲಿ ಕೊಡುವ ಎಟಿಪಿ ಪರೀಕ್ಷೆಗೆ ಆ ಸಹಿ ಬೇಡ. ತಯಾರಾಗಿದ್ದೇನೆಯೋ ಇಲ್ಲವೋ ಎಂದು ತೀರ್ಮಾನಿಸುವವನು ಹಾರುವವನೇ. ಈ ಲೈಸೆನ್ಸ್‌ನ ತಿರುಳು ಈ ನಿಯಮದಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಪರೀಕ್ಷೆಯ ಪಟ್ಟಿ ನೋಡಿದರೆ ಹೊಸದೇನೂ ಕಾಣುವುದಿಲ್ಲ. ಕಡಿದಾದ ತಿರುವು, ಸ್ಟಾಲ್, ಹೋಲ್ಡಿಂಗ್ (ಒಂದೇ ಕಡೆ ಸುತ್ತುತ್ತ ಕಾಯುವುದು), ಐಎಲ್‌ಎಸ್ (ರೇಡಿಯೊ ಸಂಕೇತ ಹಿಡಿದು ರನ್‌ವೇಗೆ ಇಳಿಯುವುದು), ಒಂದು ಎಂಜಿನ್ ನಿಂತಾಗ ಇಳಿಯುವುದು, ಎಲ್ಲವೂ ಹಿಂದೆಯೇ ಮಾಡಿದ್ದು. ಬದಲಾಗಿರುವುದು ಅಳತೆ. ಇನ್‌ಸ್ಟ್ರುಮೆಂಟ್ ರೇಟಿಂಗ್‌ನಲ್ಲಿ ಐಎಲ್‌ಎಸ್ ಹಾರುವಾಗ ದಿಕ್ಕು ತೋರಿಸುವ ಲೋಕಲೈಸರ್ ಮತ್ತು ಇಳಿಜಾರು ತೋರಿಸುವ ಗ್ಲೈಡ್‌ಸ್ಲೋಪ್ ಸೂಜಿಗಳು ಪೂರ್ಣ ಅಳತೆಯ ಮುಕ್ಕಾಲು ಭಾಗದವರೆಗೆ ಸರಿಯಬಹುದು, ವೇಗ 10 ನಾಟ್ ಆಚೀಚೆ ಆಗಬಹುದು. ಎಟಿಪಿಯಲ್ಲಿ ಸೂಜಿಗೆ ಕಾಲು ಭಾಗ, ವೇಗಕ್ಕೆ 5 ನಾಟ್. ಗ್ಲೈಡ್‌ಸ್ಲೋಪ್ ಇಲ್ಲದ ಅಪ್ರೋಚ್‌ನಲ್ಲಿ ನಿಗದಿಯಾದ ಕನಿಷ್ಠ ಎತ್ತರಕ್ಕಿಂತ 50 ಅಡಿ ಮೇಲಿರಬಹುದು, ಕೆಳಗೆ ಒಂದಡಿಯೂ ಹೋಗುವಂತಿಲ್ಲ.

ಕಾಲು ಭಾಗ ಎಂದರೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿದವರು ಕಡಿಮೆ. ಗ್ಲೈಡ್‌ಸ್ಲೋಪ್ ಸೂಜಿ ನಡುವಿನಿಂದ ತುದಿಗೆ ಹೋಗಲು ಬೇಕಾದದ್ದು ಸುಮಾರು 0.7 ಡಿಗ್ರಿ. ನೆಲದಿಂದ 200 ಅಡಿ ಮೇಲೆ, ಇಳಿಯಬೇಕೋ ಮತ್ತೆ ಏರಬೇಕೋ ಎಂದು ತೀರ್ಮಾನಿಸುವ ಹೊತ್ತಿಗೆ, 3 ಡಿಗ್ರಿ ಇಳಿಜಾರಿನಲ್ಲಿ ವಿಮಾನ ನೆಲದ ಮೇಲಿನ ಗ್ಲೈಡ್‌ಸ್ಲೋಪ್ ಆಂಟೆನಾದಿಂದ ಸುಮಾರು 3800 ಅಡಿ ದೂರದಲ್ಲಿರುತ್ತದೆ. ಅಲ್ಲಿ ಪೂರ್ಣ ಅಳತೆ 46 ಅಡಿ ಚಿಲ್ಲರೆ. ಅದರ ಕಾಲು ಭಾಗ ಹನ್ನೆರಡು ಅಡಿ ಕೂಡ ಇಲ್ಲ. ಸೆಮಿನೋಲ್‌ನಂಥ ಸಣ್ಣ ವಿಮಾನದ ರೆಕ್ಕೆಯ ಅಗಲವೇ ಇದರ ಮೂರು ಪಟ್ಟಿಗಿಂತ ಹೆಚ್ಚು! ಮುಖಕ್ಕೆ ಹುಡ್ ಹಾಕಿಕೊಂಡು, ಹೊರಗಿನದೇನೂ ಕಾಣದೆ, ಒಂದು ಎಂಜಿನ್ ನಿಂತಿರುವಾಗ ಈ ಹನ್ನೆರಡು ಅಡಿಯೊಳಗೆ ವಿಮಾನವನ್ನು ಕೈಯಿಂದಲೇ ಕೆಳಗಿಳಿಸಬೇಕು. ಸೂಜಿಯನ್ನು ಅಟ್ಟಿಸಿಕೊಂಡು ಹೋಗುವವರಿಗೆ ಇದು ಆಗುವುದಿಲ್ಲ. ವಿಮಾನದ ಮೂತಿಯ ಕೋನ, ಎಂಜಿನ್‌ನ ಪವರ್, ನಿಮಿಷಕ್ಕೆ ಇಷ್ಟು ಅಡಿ ಎಂಬ ಇಳಿತ ಮೂರನ್ನೂ ಮೊದಲೇ ಹೊಂದಿಸಿ, ಸೂಜಿ ಅಲುಗುವ ಮುನ್ನವೇ ಒಂದೆರಡು ಡಿಗ್ರಿಯ ತಿದ್ದುಪಡಿ ಮಾಡುವವರಿಗೆ ಆಗುತ್ತದೆ. ಈ ಗುಣ ವಾರಾಂತ್ಯದಲ್ಲಿ ಬರುವುದಿಲ್ಲ. ಆಟೊಪೈಲಟ್ ಆಫ್ ಮಾಡಿ, ಜಿಪಿಎಸ್‌ನ ಬಣ್ಣದ ನಕ್ಷೆಯನ್ನೂ ಮುಚ್ಚಿ, ತಮ್ಮ ಊರಿನ ಐಎಲ್‌ಎಸ್ ಅನ್ನು ಮತ್ತೆ ಮತ್ತೆ ಕೈಯಲ್ಲಿ ಹಾರಿದ್ದರೆ ಮಾತ್ರ ಬರುತ್ತದೆ. ಒಂದೆಂಜಿನ್ ವಿಮಾನದಲ್ಲಿ ಹಾರಿದರೂ ಸಾಕು, ಕಣ್ಣಿಗೆ ಬೇಕಾದ ಶಿಸ್ತು ಒಂದೇ.

ಈಗ ಎಂಜಿನ್‌ನ ಮಾತು. ಈ ಕೋರ್ಸ್‌ಗಳಲ್ಲಿ ಹೆಚ್ಚು ಕಾಣುವುದು ಪೈಪರ್ ಸೆಮಿನೋಲ್. 180 ಅಶ್ವಶಕ್ತಿಯ ಎರಡು ಲೈಕಮಿಂಗ್ ಎಂಜಿನ್‌ಗಳು, ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ತಿರುಗುತ್ತವೆ. ಎರಡರಲ್ಲಿ ಒಂದು ನಿಂತರೆ ಅರ್ಧ ಶಕ್ತಿ ಹೋಗುತ್ತದೆ, ಸರಿ. ಆದರೆ ಮೇಲೇರುವ ಸಾಮರ್ಥ್ಯ ಅರ್ಧಕ್ಕೆ ನಿಲ್ಲುವುದಿಲ್ಲ, ನೂರಕ್ಕೆ ಎಂಬತ್ತರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಲ್ಲವಾಗುತ್ತದೆ. ಸಮತಟ್ಟಾಗಿ ಹಾರಲು ಬೇಕಾದ ಶಕ್ತಿ ಕಳೆದು ಉಳಿದದ್ದರಲ್ಲಿ ಮಾತ್ರ ವಿಮಾನ ಏರುವುದರಿಂದ ಹೀಗೆ. ಸಾಲದ್ದಕ್ಕೆ, ಜೋಡಿಯಲ್ಲಿ ಒಂದು ಎತ್ತು ಕುಸಿದರೆ ಗಾಡಿ ಆ ಕಡೆಗೇ ತಿರುಗುವ ಹಾಗೆ ವಿಮಾನದ ಮೂತಿ ನಿಂತ ಎಂಜಿನ್‌ನ ಕಡೆಗೆ ಹೊರಳುತ್ತದೆ. ಅದನ್ನು ತಡೆಯುವುದು ಕಾಲಿನ ರಡ್ಡರ್.

ಆಗ ಕೈ ಮಾಡಬೇಕಾದ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಮೂತಿ ನೇರ, ವೇಗ ವೇಗಮಾಪಕದ ನೀಲಿ ಗೆರೆಯ ಮೇಲೆ (ಒಂದೇ ಎಂಜಿನ್‌ನಲ್ಲಿ ಚೆನ್ನಾಗಿ ಏರುವ ವೇಗ), ಸೆಮಿನೋಲ್‌ಗೆ ಅದು 88 ನಾಟ್. ಮಿಕ್ಸ್ಚರ್, ಪ್ರೊಪೆಲರ್, ಥ್ರಾಟಲ್ ಎಲ್ಲ ಮುಂದಕ್ಕೆ. ಫ್ಲಾಪ್ ಮೇಲೆ, ಚಕ್ರ ಮೇಲೆ. ನಂತರ ಯಾವ ಎಂಜಿನ್ ನಿಂತಿದೆ ಎಂದು ಗುರುತಿಸಬೇಕು: ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯದು. ನಂಬಿಬಿಡಬಾರದು, ಆ ಕಡೆಯ ಥ್ರಾಟಲ್ ಮೆಲ್ಲನೆ ಹಿಂದಕ್ಕೆಳೆದು, ಸದ್ದಿನಲ್ಲಿ, ಕಾಲಿನ ಒತ್ತಡದಲ್ಲಿ ಏನೂ ಬದಲಾಗದಿದ್ದರೆ ಮಾತ್ರ ಆ ಪ್ರೊಪೆಲರ್ ಅನ್ನು ಫೆದರ್ ಮಾಡಬೇಕು, ಅಂದರೆ ಅದರ ಅಲಗುಗಳು ಗಾಳಿಗೆ ಅಡ್ಡವಾಗದಂತೆ ತಿರುಗಿಸಿ ನಿಲ್ಲಿಸಬೇಕು. ಈ ನಡುವಿನ ಪರಿಶೀಲನೆಯ ಒಂದೆರಡು ಸೆಕೆಂಡ್ ಉಳಿಸಲು ಹೋಗಿ ಓಡುತ್ತಿದ್ದ ಎಂಜಿನ್ನನ್ನೇ ಆರಿಸಿದವರು ಇದ್ದಾರೆ. ಬಹುಮಂದಿ ಅಭ್ಯರ್ಥಿಗಳು ವೇಗವಾಗಿ ಮಾಡಿದರೆ ಪರೀಕ್ಷಕರು ಮೆಚ್ಚುತ್ತಾರೆಂದು ಭಾವಿಸುತ್ತಾರೆ. ಒಳ್ಳೆಯ ಪರೀಕ್ಷಕರು ನೋಡುವುದು ಕೈ ಲಿವರ್ ಮೇಲೆ ನಿಂತು, ಬಾಯಿಯಲ್ಲಿ ಹೆಸರು ಹೇಳಿ, ಆಮೇಲೆ ಸರಿಯುತ್ತದೆಯೇ ಎಂಬುದನ್ನು.

ಇದನ್ನು ಕಲಿಯಲು ಗಂಟೆಗೆ ನೂರಾರು ಡಾಲರ್ ಕೊಟ್ಟು ಎಂಜಿನ್ ಚಾಲೂ ಮಾಡಬೇಕಾಗಿಲ್ಲ. ಮನೆಯ ಕುರ್ಚಿ ಸಾಕು. ಕಾಕ್‌ಪಿಟ್‌ನ ದೊಡ್ಡ ಚಿತ್ರವನ್ನು ಗೋಡೆಗೆ ಅಂಟಿಸಿ, ಕಣ್ಣು ಮುಚ್ಚಿಯೂ ಕೈ ಸರಿಯಾದ ಲಿವರ್‌ಗೆ ಹೋಗುವವರೆಗೆ, ಮಾತು ತಡೆಯಿಲ್ಲದೆ ಬರುವವರೆಗೆ, ದಿನವೂ ಕೂರಬೇಕು. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ನಡುವೆ ಅಡ್ಡ ಪ್ರಶ್ನೆ ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಕೋರ್ಸ್‌ನ ಮೊದಲ ದಿನ ಲಿವರ್ ಹುಡುಕುತ್ತ ಕಳೆದುಹೋದರೆ, ಉಳಿದ ಒಂದು ದಿನದಲ್ಲಿ ಹನ್ನೆರಡು ಅಡಿಯ ಸೂಕ್ಷ್ಮಕ್ಕೆ ಜಾಗ ಇರುವುದಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ತಪ್ಪದೆ ಬರುವ ವಿಷಯ ವಿಎಂಸಿ ಎಂಬ ಕನಿಷ್ಠ ವೇಗ. ಒಂದು ಎಂಜಿನ್ ನಿಂತಾಗ ಇದಕ್ಕಿಂತ ಕಡಿಮೆ ವೇಗದಲ್ಲಿ ಪೂರ್ತಿ ರಡ್ಡರ್ ಒತ್ತಿದರೂ ಮೂತಿ ನೇರ ನಿಲ್ಲದು. ಸೆಮಿನೋಲ್‌ನಲ್ಲಿ 56 ನಾಟ್‌ನ ಕೆಂಪು ಗೆರೆ. ಎತ್ತರಕ್ಕೆ ಹೋದಂತೆ ಉಳಿದ ಎಂಜಿನ್‌ನ ಎಳೆತ ತಗ್ಗುವುದರಿಂದ ಈ ವೇಗವೂ ಇಳಿಯುತ್ತದೆ. ಕೇಳಲು ಒಳ್ಳೆಯ ಸುದ್ದಿ. ಆದರೆ ಸ್ಟಾಲ್‌ನ ಸೂಚಿತ ವೇಗ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ, ಹಾಗಾಗಿ ಎಲ್ಲೋ ಒಂದು ಎತ್ತರದಲ್ಲಿ ಎರಡೂ ಕೂಡಿಕೊಳ್ಳುತ್ತವೆ, ಅದರ ಮೇಲೆ ಎಚ್ಚರಿಕೆಯ ಹೊರಳು ಕಾಣುವ ಮೊದಲೇ ವಿಮಾನ ಸ್ಟಾಲ್ ಆಗಿ ಸ್ಪಿನ್‌ಗೆ ಹೋಗಬಹುದು.

ಇದು ನಮ್ಮ ಊರಿಗೆ ನೇರವಾಗಿ ಸಂಬಂಧಿಸಿದ ವಿಷಯ. ಒಂದೇ ಎಂಜಿನ್‌ನಲ್ಲಿ ತುಂಬಿದ ಸೆಮಿನೋಲ್ ನಿಮಿಷಕ್ಕೆ 50 ಅಡಿ ಏರಬಲ್ಲ ಮಿತಿ ಸುಮಾರು 3800 ಅಡಿ. ಬೆಂಗಳೂರು ಇರುವುದೇ 3000 ಅಡಿಯಲ್ಲಿ. ಏಪ್ರಿಲ್‌ನ ಮಧ್ಯಾಹ್ನ 32 ಡಿಗ್ರಿ ಬಿಸಿಲಿದ್ದರೆ ಜಕ್ಕೂರಿನ ರನ್‌ವೇ ಮೇಲಿನ ಗಾಳಿ ಐದೂವರೆ ಸಾವಿರ ಅಡಿಯ ಗಾಳಿಯಷ್ಟು ತೆಳುವಾಗಿರುತ್ತದೆ. ಅಂಥ ದಿನ ಟೇಕ್‌ಆಫ್ ಆದ ಕೂಡಲೇ ಎಂಜಿನ್ ನಿಂತರೆ ಎರಡನೆಯ ಎಂಜಿನ್ ಮೇಲೇರಿಸುವುದಿಲ್ಲ, ನಿಧಾನವಾಗಿ ಕೆಳಗಿಳಿಸುತ್ತದೆ ಅಷ್ಟೆ. ಫ್ಲೋರಿಡಾದ ಸಮುದ್ರಮಟ್ಟದಲ್ಲಿ ಪರೀಕ್ಷೆ ಪಾಸಾಗಿ ಬಂದವರು ಈ ಲೆಕ್ಕವನ್ನು ತಮ್ಮ ಕೈಯಾರೆ ಹಾಕಿ ನೋಡಲೇಬೇಕು. ಅಮೆರಿಕದ ಎಟಿಪಿ ಇದ್ದರೂ ಇಲ್ಲಿಯ ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ಆಗಲು ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೊಡುವ ಎಟಿಪಿಎಲ್ ಬೇಕು, ಅದು ಬೇರೆ ದಾರಿ. ಆದರೆ ತೆಳು ಗಾಳಿ ಲೈಸೆನ್ಸ್ ನೋಡುವುದಿಲ್ಲ.

ಕಾಗದಪತ್ರಗಳ ಬಗ್ಗೆ ಚುಟುಕಾಗಿ. ಪರೀಕ್ಷೆಯ ದಿನ ಮೆಡಿಕಲ್ ಸರ್ಟಿಫಿಕೇಟ್ ಕೈಯಲ್ಲಿರಬೇಕು. ಪರೀಕ್ಷೆಗೆ ಥರ್ಡ್ ಕ್ಲಾಸ್ ಸಾಕು, ಫಸ್ಟ್ ಕ್ಲಾಸ್ ಬೇಕಾಗುವುದು ಎಟಿಪಿಯ ಬಲದ ಮೇಲೆ ಕ್ಯಾಪ್ಟನ್ ಆಗಿ ಹಾರುವಾಗ. ಮೊದಲ ಬಾರಿಗೆ ಎರಡೆಂಜಿನ್ ರೇಟಿಂಗ್ ತೆಗೆದುಕೊಳ್ಳುವ ವಿದೇಶಿಯರಿಗೆ ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎಯ ಅನುಮತಿ ಬೇಕು, ಅದನ್ನು ಟಿಕೆಟ್ ಕೊಳ್ಳುವ ಮೊದಲೇ ಪಡೆಯಬೇಕು. ಲಾಗ್‌ಬುಕ್‌ನಲ್ಲಿ ರಾತ್ರಿಯ ಗಂಟೆ, ಊರಿಂದೂರಿಗೆ ಹಾರಿದ ಗಂಟೆಗಳ ಮೊತ್ತವನ್ನು ಬೇರೆಯವರೊಬ್ಬರಿಂದ ಮತ್ತೆ ಕೂಡಿಸಿ ನೋಡಿಸಿ. ವಿಮಾನದ ದಾಖಲೆಗಳಲ್ಲಿ ವಾರ್ಷಿಕ ತಪಾಸಣೆಯ ತಾರೀಕು, ಟ್ರಾನ್ಸ್‌ಪಾಂಡರ್‌ನ 24 ತಿಂಗಳ ತಪಾಸಣೆ, ದಾರಿ ತೋರಿಸುವ ರೇಡಿಯೊ ವಿಒಆರ್‌ನ 30 ದಿನದ ತಪಾಸಣೆ ಎಲ್ಲಿವೆ ಎಂದು ಶಾಲೆಯವರನ್ನು ಕೇಳದೆ ನೀವೇ ತೆರೆದು ತೋರಿಸಬಲ್ಲವರಾಗಿರಬೇಕು.

ಅವಸರದ ಕೋರ್ಸ್‌ನ ನಿಜವಾದ ಅಪಾಯ ಕ್ಯಾಲೆಂಡರ್‌ನಲ್ಲಿದೆ. ಪರೀಕ್ಷಕರು ಭಾನುವಾರ ಹತ್ತು ಗಂಟೆಗೆ ಬರುತ್ತಾರೆ, ದುಡ್ಡು ಕಟ್ಟಿಯಾಗಿದೆ, ಸಂಜೆಯ ವಿಮಾನಕ್ಕೆ ಟಿಕೆಟ್ ಇದೆ. ಶನಿವಾರ ರಾತ್ರಿ ಒಂದೇ ಎಂಜಿನ್‌ನ ಐಎಲ್‌ಎಸ್ ಇನ್ನೂ ಸೂಜಿಯ ಅರ್ಧದಾಚೆ ಹೋಗುತ್ತಿದ್ದರೂ ‘ನಾಳೆ ಹೇಗೋ ಆಗುತ್ತದೆ’ ಎನ್ನುವ ಮನಸ್ಸು ಬರುತ್ತದೆ. ಫೇಲಾದರೆ ಅದು ದಾಖಲೆಯಲ್ಲಿ ಉಳಿಯುತ್ತದೆ, ಏರ್‌ಲೈನ್‌ನ ಸಂದರ್ಶನದಲ್ಲಿ ಅದನ್ನು ಕೇಳುತ್ತಾರೆ. ಮರುಪರೀಕ್ಷೆಗೆ ಹೋಗುವ ಮೊದಲು ಶಿಕ್ಷಕರ ತರಬೇತಿ ಮತ್ತು ಸಹಿಯೂ ಬೇಕಾಗುತ್ತದೆ. ಹವಾಮಾನ ಕೆಟ್ಟು ಪರೀಕ್ಷೆ ಅರ್ಧಕ್ಕೆ ನಿಂತರೆ ಮಾತ್ರ ಸೋಲೆನ್ನಿಸದು. ಪರೀಕ್ಷಕರು ಒಂದು ಪತ್ರ ಕೊಡುತ್ತಾರೆ, 60 ದಿನದೊಳಗೆ ಬಂದರೆ ಉಳಿದ ಭಾಗವನ್ನಷ್ಟೇ ಹಾರಿ ಮುಗಿಸಬಹುದು. ಶಾಲೆಗೆ ಫೋನ್ ಮಾಡುವಾಗ ಮೊದಲು ಕೇಳಬೇಕಾದದ್ದು ಶುಲ್ಕವನ್ನಲ್ಲ, ಶನಿವಾರ ರಾತ್ರಿ ನಾನು ‘ನಾಳೆ ಬೇಡ’ ಎಂದರೆ ಮುಂದಿನ ತಾರೀಕು ಯಾವಾಗ ಸಿಗುತ್ತದೆ ಎಂದು. ಮರಳುವ ಟಿಕೆಟ್ಟನ್ನು ಬುಧವಾರಕ್ಕೆ ಮಾಡಿಸಿ.