ಹಾಡಿಯವರಿಗೊಂದು ವಾಯಿದೆ, ಸರ್ಕಾರಕ್ಕೊಂದು ವಾಯಿದೆ

ನಾಗರಹೊಳೆ ಕಾಡಿನೊಳಗಿನ ತಮ್ಮ ಹಾಡಿಗಳಿಂದ, ಅಂದರೆ ಪುಟ್ಟ ವಸತಿಗಳಿಂದ, ಎಬ್ಬಿಸಿದ ಆದಿವಾಸಿ ಕುಟುಂಬಗಳ ಪರವಾಗಿ ಬುಡಕಟ್ಟು ಕೃಷಿಕರ ಸಂಘ 1999ರಲ್ಲಿ ಹೈಕೋರ್ಟಿನ ಬಾಗಿಲು ತಟ್ಟಿತು. ಆ ಅರ್ಜಿಯಿಂದ ಹುಟ್ಟಿದ್ದು ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ. ಕಾಡು ಕಳೆದುಕೊಂಡ 3,418 ಕುಟುಂಬಗಳನ್ನು ಗುರುತಿಸಿ 2014ರಲ್ಲಿ ಅದು ವರದಿ ಒಪ್ಪಿಸಿತು. ಅರ್ಜಿಯಿಂದ ವರದಿಯವರೆಗೆ ಹದಿನೈದು ವರ್ಷ. ವರದಿ ಬಂದು ದಶಕ ದಾಟಿದರೂ ಶಿಫಾರಸುಗಳು ಪೂರ್ತಿ ಜಾರಿಗೆ ಬಂದಿಲ್ಲ. ಇದನ್ನು ಆಡಳಿತದ ಆಲಸ್ಯ ಎಂದಷ್ಟೇ ಹೇಳಿ ಮುಗಿಸುವುದು ಸುಲಭ. ನನ್ನ ತಕರಾರು ನಮ್ಮ ಪ್ರಕ್ರಿಯಾ ಕಾನೂನಿನ ಜೊತೆಗೇ ಇದೆ.

ಹುಣಸೂರಿನ ನಾಗಾಪುರದಂಥ ಪುನರ್ವಸತಿ ಕೇಂದ್ರದ ಒಂದು ಕುಟುಂಬ ಒಬ್ಬಂಟಿಯಾಗಿ ಸಿವಿಲ್ ಕೋರ್ಟಿಗೆ ಹೋಗುತ್ತದೆ ಎಂದುಕೊಳ್ಳಿ. ಸ್ವಾಧೀನದಲ್ಲಿದ್ದ ಜಾಗದಿಂದ ಕಾನೂನುಬಾಹಿರವಾಗಿ ಹೊರಹಾಕಿದರೆ ಹಕ್ಕಿನ ದಾಖಲೆಯನ್ನೇ ಕೇಳದೆ ಜಾಗ ವಾಪಸ್ ಕೊಡಿಸುವ ಚುರುಕಿನ ದಾವೆ ಒಂದಿದೆ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ. ಅದನ್ನು ಆರು ತಿಂಗಳೊಳಗೆ ಹೂಡಬೇಕು; ಆದರೆ ಸರ್ಕಾರದ ವಿರುದ್ಧ ಹೂಡುವ ಹಾಗೇ ಇಲ್ಲ ಎಂದು ಆ ಕಲಮೇ ಹೇಳುತ್ತದೆ. ಹಿಂದಿನ ಸ್ವಾಧೀನದ ಆಧಾರದ ಮೇಲೆ ಹೋದರೆ ಹನ್ನೆರಡು ವರ್ಷದ ಮಿತಿ. ಅದು ಮೀರಿದ್ದರೆ ಎದುರು ಪಕ್ಷ ಬಾಯಿ ಬಿಡದಿದ್ದರೂ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಲೇಬೇಕು. ಮೇಲ್ಮನವಿ ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು, ಮೂಲ ದಾವೆಗೆ ಆ ಅವಕಾಶವಿಲ್ಲ. ಅದೇ ಜಾಗಕ್ಕೆ ಸರ್ಕಾರ ದಾವೆ ಹೂಡುವುದಾದರೆ? 1963ರ ಕಾಲಮಿತಿ ಕಾಯ್ದೆ ಅದಕ್ಕೆ ಕೊಟ್ಟಿರುವುದು ಮೂವತ್ತು ವರ್ಷ. ಕಡತ, ವಕೀಲ, ಸಿಬ್ಬಂದಿ ಎಲ್ಲವೂ ಇರುವ ಪಕ್ಷಕ್ಕೆ ಮೂವತ್ತು. ಪಹಣಿಯಲ್ಲಿ ಹೆಸರೇ ಇಲ್ಲದವರಿಗೆ ಹನ್ನೆರಡು. ಇದಕ್ಕೆ ಯಾವ ಸಮರ್ಥನೆಯನ್ನೂ ನಾನು ಒಪ್ಪಲಾರೆ.

ಹಾಗಿದ್ದರೆ ಎಲ್ಲರೂ ಒಟ್ಟಾಗಿ ಹೋಗಬಹುದಲ್ಲ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಒಂದನೇ ಆದೇಶದ 8ನೇ ನಿಯಮ ಇರುವುದೇ ಅದಕ್ಕೆ. ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯ ಊರುಗಳಿಗೂ ಇದು ಹೊಸದಲ್ಲ: ದೇವಸ್ಥಾನದ ಜಾಗ, ಸ್ಮಶಾನ, ಗುಂಡುತೋಪಿನ ವ್ಯಾಜ್ಯ ಬಂದಾಗ ಇಬ್ಬರು ಮೂವರು ಊರವರೆಲ್ಲರ ಪರವಾಗಿ ನಿಲ್ಲುತ್ತಾರೆ, ಕೋರ್ಟು ಅನುಮತಿ ಕೊಟ್ಟು ನೋಟಿಸು ಅಥವಾ ಪತ್ರಿಕಾ ಪ್ರಕಟಣೆ ಮಾಡಿಸುತ್ತದೆ, ಡಿಕ್ರಿ ಎಲ್ಲರಿಗೂ ಅನ್ವಯವಾಗುತ್ತದೆ. ಆದರೆ ಅಂಥ ದಾವೆ ನಡುವೆ ಬಿದ್ದುಹೋದರೆ, ಅದನ್ನು ನಂಬಿ ಕೂತವರ ವಾಯಿದೆ ಏನಾಗುತ್ತದೆ? ಅಮೆರಿಕದ ಸುಪ್ರೀಂ ಕೋರ್ಟು 1974ರಲ್ಲೇ, ಅಮೆರಿಕನ್ ಪೈಪ್ ಪ್ರಕರಣದಲ್ಲಿ, ಗುಂಪಿನ ದಾವೆ ಹೂಡಿದ ದಿನದಿಂದ ಗುಂಪಿನ ಪ್ರತಿ ಸದಸ್ಯನ ಕಾಲಮಿತಿಯೂ ತಡೆಹಿಡಿದಂತೆ ಎಂದಿತು. 2018ರಲ್ಲಿ ಇದಕ್ಕೆ ಬೇಲಿ ಹಾಕಿ, ಆ ರಕ್ಷಣೆ ಒಬ್ಬೊಬ್ಬರ ದಾವೆಗೆ ಮಾತ್ರ, ಮಿತಿ ಮೀರಿದ ಮೇಲೆ ಹೊಸ ಗುಂಪು ದಾವೆಗೆ ಇಲ್ಲ ಎಂದಿತು. ನಮ್ಮ ಕಾಲಮಿತಿ ಕಾಯ್ದೆಯಲ್ಲಿ ಅಷ್ಟು ಸ್ಪಷ್ಟವಾದ ರಕ್ಷಣೆಯ ಕಲಂ ಇಲ್ಲ. ತಪ್ಪು ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಕಳೆದ ಕಾಲವನ್ನು ಬಿಟ್ಟು ಲೆಕ್ಕ ಹಾಕುವ 14ನೇ ಕಲಂ ಇದೆ, ನಿಜ. ಆದರೆ ಅದು ನೋಡುವುದು ಆ ವ್ಯಾಜ್ಯವನ್ನು ನಡೆಸಿದ ವಾದಿಯನ್ನು. ಸಂಘವನ್ನು ನಂಬಿ ಹಾಡಿಯಲ್ಲಿ ಕಾದವರನ್ನಲ್ಲ.

ಆದ್ದರಿಂದ ಸಂಘ ರಿಟ್ ದಾರಿ ಹಿಡಿದದ್ದು ಸರಿ. ಅಲ್ಲಿ ನಿಗದಿತ ಕಾಲಮಿತಿ ಇಲ್ಲ, ವಿಳಂಬದ ಆಕ್ಷೇಪಣೆ ಮಾತ್ರ ಇದೆ. ಆ ಆಕ್ಷೇಪಣೆಯನ್ನೂ ಸುಪ್ರೀಂ ಕೋರ್ಟು 2020ರಲ್ಲಿ ಹಿಮಾಚಲದ ಅನಕ್ಷರಸ್ಥ ವಿಧವೆಯೊಬ್ಬರ ಪ್ರಕರಣದಲ್ಲಿ ತಳ್ಳಿಹಾಕಿತು: 1967ರ ಸುಮಾರಿಗೆ ರಸ್ತೆಗೆಂದು ಜಮೀನು ಕಸಿದುಕೊಂಡ ಸರ್ಕಾರವೇ ತಡವಾಯಿತೆಂದು ವಾದಿಸುವುದನ್ನು ಅದು ಒಪ್ಪಲಿಲ್ಲ. ಇಷ್ಟಾದರೂ ರಿಟ್ ಅರ್ಜಿ ಒಂದು ವಿಷಯದಲ್ಲಿ ಕೈಕೊಡುತ್ತದೆ. ಡಿಕ್ರಿ ಕೈಯಲ್ಲಿದ್ದರೆ ಅಮಲ್ಜಾರಿಗೆ ಹನ್ನೆರಡು ವರ್ಷ ಅವಕಾಶವಿದೆ, ಅಮೀನ ಬರುತ್ತಾನೆ. ವರದಿಯೊಂದಿಗೆ ಯಾವ ಅಮೀನನೂ ಬರುವುದಿಲ್ಲ. ಆದೇಶ ಪಾಲಿಸಲಿಲ್ಲವೆಂದು ನ್ಯಾಯಾಂಗ ನಿಂದನೆಗೆ ಹೋಗೋಣವೆಂದರೆ ಅದಕ್ಕೆ ಒಂದು ವರ್ಷದ ಗಡುವು, ಅದೂ ಅರ್ಜಿದಾರನ ತಲೆಯ ಮೇಲೆ.

2006ರ ಅರಣ್ಯ ಹಕ್ಕು ಕಾಯ್ದೆ ಈ ಅನ್ಯಾಯವನ್ನು ಅರ್ಥಮಾಡಿಕೊಂಡ ಕಾನೂನು. 2005ರ ಡಿಸೆಂಬರ್ 13ಕ್ಕೆ ಮುಂಚೆ ಅಕ್ರಮವಾಗಿ ಒಕ್ಕಲೆಬ್ಬಿಸಿದವರಿಗೂ ಬದಲಿ ಭೂಮಿ ಸಹಿತ ಪುನರ್ವಸತಿಯ ಹಕ್ಕನ್ನು ಅದು ಕೊಡುತ್ತದೆ. ಅದರ ನಿಯಮಗಳು ಬಾವಿ, ಸ್ಮಶಾನ, ಪವಿತ್ರ ಸ್ಥಳಗಳನ್ನೂ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷ್ಯವೆನ್ನುತ್ತವೆ. ಗ್ರಾಮಸಭೆ ಅರ್ಜಿ ಕರೆದ ಮೇಲೆ ಮೂರು ತಿಂಗಳ ಅವಧಿ ಇದೆ. ಅಗತ್ಯವಿದ್ದರೆ ಕಾರಣ ಬರೆದು ಅದನ್ನು ಗ್ರಾಮಸಭೆಯೇ ವಿಸ್ತರಿಸಬಹುದು. ಗಡುವು ಸಡಿಲಿಸುವ ಅಧಿಕಾರ ಬಾಧಿತರ ಸಭೆಯ ಕೈಯಲ್ಲೇ ಇರುವುದು ನಮ್ಮ ಕಾನೂನಿನಲ್ಲಿ ಅಪರೂಪ. ಆದರೆ ಎಬ್ಬಿಸಿದ ಮೇಲೆ ಆ ಬಾವಿ, ಸ್ಮಶಾನ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಉಳಿದವು. ಹೇಳಿಕೆ ಕೊಡಬೇಕಾದ ಹಿರಿಯರಿಗೆ ವಯಸ್ಸಾಗುತ್ತಿದೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗಿನ ಭಾಗದ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಅಲ್ಲಿಂದ ಎಬ್ಬಿಸಲಾಗಿದ್ದ ಜೇನುಕುರುಬ ಆದಿವಾಸಿಗಳು ತಾವಾಗಿಯೇ ಮರಳಿದರು. ಹತಾಶೆಯ ಜೊತೆಗೆ ಸಾಕ್ಷ್ಯವನ್ನು ಕಾಪಾಡುವ ವಿವೇಕವೂ ಆ ನಡೆಯಲ್ಲಿ ನನಗೆ ಕಾಣುತ್ತದೆ.

ಹೈಕೋರ್ಟು ಈಗಲಾದರೂ ಮಾಡಬಹುದಾದದ್ದು ಇದೆ. 3,418 ಕುಟುಂಬಗಳ ಪಟ್ಟಿಯನ್ನು ಆದೇಶಕ್ಕೆ ಅನುಬಂಧವಾಗಿ ಸೇರಿಸಿ, ಪ್ರತಿ ಕುಟುಂಬಕ್ಕೂ ದೃಢೀಕೃತ ಪ್ರತಿ ಕೊಡಿಸಿ, ಹಕ್ಕು ಇತ್ಯರ್ಥವಾಗಬೇಕಾದ ದಿನಾಂಕವನ್ನು ಜಿಲ್ಲಾಧಿಕಾರಿಯ ಮೇಲೆ ನಿಗದಿಪಡಿಸಬಹುದು. ಆ ದಿನ ಮೀರಿದರೆ ಉತ್ತರ ಹೇಳಬೇಕಾದವರು ಹಾಡಿಯವರಲ್ಲ, ಕಚೇರಿಯವರು.