ಎಡೆದೊರೆ ನಾಡಿನ ದೇವತೆಗಳೂ ಆಟದ ಲೋಕದ ದೇವತೆಗಳೂ

ಲೋಕವು ಹೇಗೆ ಹುಟ್ಟಿತೆಂಬ ಕಥೆಯನ್ನು ಕಟ್ಟುವ ಕೆಲಸವು ಋಷಿಗಳಿಗೂ ಪುರಾಣಿಕರಿಗೂ ಮಾತ್ರ ಮೀಸಲಾಗಿ ಉಳಿದಿಲ್ಲ. ಕಳೆದ ಐವತ್ತು ವರ್ಷಗಳಲ್ಲಿ ಅದು ಒಂದು ಬಗೆಯ ಆಟದ ಅಂಗವೂ ಆಗಿದೆ. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ದಾಳವನ್ನು ಉರುಳಿಸುತ್ತ, ಸೂತ್ರಧಾರನು ಕಲ್ಪಿಸಿಕೊಟ್ಟ ನಾಡಿನಲ್ಲಿ ಸಂಚರಿಸುವುದು ಈ ಆಟದ ರೀತಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ೧೯೭೪ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದಕ್ಕೆ ಮಾದರಿಯನ್ನು ಹಾಕಿಕೊಟ್ಟಿತು. ನಾಡನ್ನು ಕಲ್ಪಿಸಿದವನು ಅದಕ್ಕೆ ದೇವತೆಗಳನ್ನೂ ಕಲ್ಪಿಸಬೇಕಾಗುತ್ತದೆ. ದೇವತೆಗಳು ಬಂದರೆಂದರೆ ಸೃಷ್ಟಿಕಥೆಯೂ ಬಂದೇ ಬರುತ್ತದೆ.

ಪ್ರಕೃತ ಲೇಖನಕ್ಕೆ ನಿಮಿತ್ತವಾದುದು ಅಂಥ ಒಂದು ಕೈಬರಹದ ಪುಸ್ತಕ. ಗಿಲ್ಲೆಸುಗೂರಿನ ಸುತ್ತಣ ಊರುಗಳಿಂದ ರಾಯಚೂರಿಗೆ ಓದಲು ಬರುವ ಕೆಲವು ವಿದ್ಯಾರ್ಥಿಗಳು ತಮ್ಮ ಆಟಕ್ಕಾಗಿ ಎರಡು ಹೊಳೆಗಳ ನಡುವಣ ನಾಡೊಂದನ್ನು ಕಲ್ಪಿಸಿ, ಅದರ ಆದಿಯ ವೃತ್ತಾಂತವನ್ನು ಬರೆದು, ನಮ್ಮ ಅಭಿಪ್ರಾಯವನ್ನು ಕೇಳಿದರು. ಅವರ ಒಪ್ಪಿಗೆಯಿಂದಲೇ ಇಲ್ಲಿ ಅದನ್ನು ಚರ್ಚಿಸುತ್ತಿದ್ದೇವೆ. ಕಥೆಯ ಸಾರಾಂಶ ಇಷ್ಟು: ಮೊದಲು ಕತ್ತಲೆ, ಕತ್ತಲೆಯೊಳಗೆ ಒಂದು ಬಂಡೆ, ಬಂಡೆ ಸೀಳಿ ಹನ್ನೆರಡು ದೇವತೆಗಳು ಹೊರಬಂದರು. ಅವರಲ್ಲಿ ಯುದ್ಧಕ್ಕೊಬ್ಬ, ಮಳೆಗೊಬ್ಬಳು, ವಿದ್ಯೆಗೊಬ್ಬಳು, ಮರಣಕ್ಕೊಬ್ಬ. ಅನಂತರ ದೇವತೆಗಳು ಹೊನ್ನಿನಿಂದ ಆಳುವವರನ್ನೂ, ಮಣ್ಣಿನಿಂದ ಉಳುವವರನ್ನೂ, ಮಿಕ್ಕ ಕೆಸರಿನಿಂದ ಸತ್ತ ದನವನ್ನು ಸಾಗಿಸುವವರನ್ನೂ ಮಾಡಿದರು. ಭಾಷೆ ಶುದ್ಧವಾಗಿದೆ, ಕಲ್ಪನೆಗೆ ಬಡತನವಿಲ್ಲ. ಹಾಗಿದ್ದರೂ ಈ ಹನ್ನೆರಡು ಮಂದಿಯನ್ನು ನೋಡಿದರೆ ದೇವಲೋಕಕ್ಕಿಂತ ಮಂತ್ರಿಮಂಡಲದ ಖಾತೆ ಹಂಚಿಕೆಯೇ ನೆನಪಿಗೆ ಬರುತ್ತದೆ.

ಈ ದೋಷ ವಿದ್ಯಾರ್ಥಿಗಳದಲ್ಲ, ಅವರು ಅನುಸರಿಸಿದ ಮಾದರಿಯದು. ೧೯೮೦ರಲ್ಲಿ ಪ್ರಕಟವಾದ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಎಂಬ ಆಟದ ಕೈಪಿಡಿಯಲ್ಲಿ ಗ್ರೀಸ್, ಈಜಿಪ್ಟ್ ಮೊದಲಾದ ದೇಶಗಳ ದೇವತೆಗಳ ಜೊತೆಗೆ ನಮ್ಮ ಇಂದ್ರ, ಅಗ್ನಿ, ಕಾಳಿಯರೂ ಸೇರಿದ್ದಾರೆ. ಒಬ್ಬೊಬ್ಬ ದೇವತೆಗೂ ಎಷ್ಟು ಪೆಟ್ಟು ತಾಳಬಲ್ಲನೆಂಬುದಕ್ಕೆ ಒಂದು ಅಂಕ, ಕವಚದ ಬಲಕ್ಕೆ ಇನ್ನೊಂದು ಅಂಕ, ಅವನ ಅಧಿಕಾರಕ್ಷೇತ್ರಕ್ಕೆ ಒಂದೆರಡು ಪದ. ಇದನ್ನು ದೇವನಿಂದೆಯೆಂದು ಕೋಪಿಸಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಇಲ್ಲಿರುವ ಕೊರತೆ ಭಕ್ತಿಯದಲ್ಲ, ಇತಿಹಾಸಜ್ಞಾನದ್ದು. ದೇವತೆಯೆಂದರೆ ಒಂದು ಶಕ್ತಿಯ ಒಡೆಯನೆಂದಷ್ಟೇ ಗ್ರಹಿಸಿ, ಆ ದೇವತೆಗೂ ಒಂದು ಜನಸಮುದಾಯಕ್ಕೂ ನಡುವೆ ಇರುವ ಕೊಡುಕೊಳ್ಳುವಿಕೆಯನ್ನು ಬಿಟ್ಟುಬಿಟ್ಟರೆ ಉಳಿಯುವುದು ಅಂಕಪಟ್ಟಿ ಮಾತ್ರ.

ಹಾಗಾದರೆ ದೇವತೆಗಳನ್ನು ಪಟ್ಟಿಮಾಡಿ ಮೇಲುಕೀಳು ನಿರ್ಣಯಿಸುವುದೇ ತಪ್ಪೆ? ಹಾಗೆನ್ನಲು ನಮ್ಮ ಜಿಲ್ಲೆಯ ಸಾಹಿತ್ಯಚರಿತ್ರೆಯೇ ಅಡ್ಡಬರುತ್ತದೆ. ಚೀಕಲಪರ್ವಿಯ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಹುಟ್ಟಿ ಬಾಳಿದ ನಾಡಿದು. ಜಗನ್ನಾಥದಾಸರು (೧೭೨೮-೧೮೦೯) ಭಾಮಿನೀ ಷಟ್ಪದಿಯಲ್ಲಿ ರಚಿಸಿದ 'ಹರಿಕಥಾಮೃತಸಾರ'ದಲ್ಲಿ ದೇವತೆಗಳ ತಾರತಮ್ಯವನ್ನು ಹೇಳುವ ಸಂಧಿಗಳೇ ಇವೆ. ಲಕ್ಷ್ಮಿ, ಅನಂತರ ಬ್ರಹ್ಮ ವಾಯು, ಆಮೇಲೆ ಸರಸ್ವತಿ ಭಾರತಿ, ಬಳಿಕ ಗರುಡ ಶೇಷ ರುದ್ರ ಎಂದು ಇಳಿದುಬರುವ ಆ ಶ್ರೇಣಿಯಲ್ಲಿ ಸ್ಥಾನ ತಪ್ಪಿದವರು ಯಾರೂ ಇಲ್ಲ. ಮೇಲ್ನೋಟಕ್ಕೆ ಇದೂ ಒಂದು ಪಟ್ಟಿಯೇ. ಆದರೆ ಒಂದು ಮುಖ್ಯವಾದ ವ್ಯತ್ಯಾಸವುಂಟು. ಕೈಪಿಡಿಯ ಶ್ರೇಣಿ ಇಬ್ಬರು ಕಾದಾಡಿದರೆ ಗೆಲ್ಲುವವರು ಯಾರೆಂಬುದನ್ನು ಹೇಳುತ್ತದೆ. ದಾಸರ ಶ್ರೇಣಿ ಯಾರು ಯಾರ ಅಧೀನದಲ್ಲಿದ್ದು ಯಾವ ಕಾರ್ಯವನ್ನು ನಡೆಸುತ್ತಾರೆಂಬುದನ್ನು ಹೇಳುತ್ತದೆ. ಅಲ್ಲಿ ಮನುಷ್ಯನ ಉಸಿರಾಟಕ್ಕೂ, ಕಣ್ಣಿಗೂ, ಕೈಗೂ ಒಬ್ಬೊಬ್ಬ ದೇವತೆ ನಿಯಾಮಕನು. ಕೇಳುಗನ ದೇಹವೇ ಆ ಶ್ರೇಣಿಯ ಕೊನೆಯ ಮೆಟ್ಟಿಲು. ಸೃಷ್ಟಿಯ ವರ್ಣನೆ ಅಲ್ಲಿ ತಾನಾಗಿ ನಿಂತ ಕಥೆಯಲ್ಲ. ಭಕ್ತನು ಯಾರನ್ನು ಯಾವ ಕ್ರಮದಲ್ಲಿ ಸ್ಮರಿಸಬೇಕೆಂಬುದಕ್ಕೆ ಆಧಾರ. ಒಪ್ಪುವುದು ಬಿಡುವುದು ಓದುಗನಿಗೆ ಸೇರಿದ ವಿಷಯ. ರಚನೆಯ ದೃಷ್ಟಿಯಿಂದ ಮಾತ್ರ ಆ ಪಟ್ಟಿಗೆ ಜೀವವಿದೆ ಎನ್ನಬೇಕು.

ಇನ್ನು ಊರದೇವತೆಗಳ ಮಾತು. ದುರ್ಗಮ್ಮ, ಮಾರೆಮ್ಮ, ಎಲ್ಲಮ್ಮ, ಹನುಮಪ್ಪ ಮೊದಲಾದ ಹೆಸರಿನ ಈ ದೇವತೆಗಳ ವಿಷಯದಲ್ಲಿ ಲೋಕ ಹೇಗಾಯಿತೆಂಬ ಪ್ರಶ್ನೆ ಜಾತ್ರೆಯ ದಿನ ಬಹುಮಟ್ಟಿಗೆ ಏಳುವುದೇ ಇಲ್ಲ. ಏಳುವ ಪ್ರಶ್ನೆಗಳು ಬೇರೆ: ಗುಡಿ ಅಗಸಿಯ ಒಳಗೋ ಹೊರಗೋ? ದೇವಿ ಗಂಗೆಸ್ಥಳಕ್ಕೆ ಹೊರಟಾಗ ಮುಂದೆ ಹಲಗೆ ಬಾರಿಸುವವರು ಯಾರು? ಮೊದಲ ಎಡೆ ಯಾವ ಮನೆಯದು? ಮೆರವಣಿಗೆ ಯಾವ ಓಣಿಗೆ ಹೋಗಿ ಯಾವ ಓಣಿಗೆ ಹೋಗದೆ ತಿರುಗುತ್ತದೆ? ದೇವತೆಯ ಸ್ವರೂಪ ಈ ಉತ್ತರಗಳಲ್ಲಿ ಅಡಗಿರುತ್ತದೆ. ಮುದಗಲ್ಲಿನ ಮೊಹರಮ್ಮನ್ನು ನೋಡಿದವರಿಗೆ ಇದು ಇನ್ನಷ್ಟು ಸ್ಪಷ್ಟವಾದೀತು. ಕರ್ಬಲಾದಲ್ಲಿ ಕ್ರಿ. ಶ. ೬೮೦ರಲ್ಲಿ ಮಡಿದ ಹುಸೇನರ ಸ್ಮರಣೆ ಇಲ್ಲಿ ಅಲಾಯಿ ದೇವರಾಗಿ, ಅಲಾಯಿ ಕುಣಿಯ ಸುತ್ತಣ ಹೆಜ್ಜೆಯಾಗಿ, ಕನ್ನಡದ ರಿವಾಯತ್ ಪದವಾಗಿ ಬೇರೂರಿದೆ. ಹರಕೆ ಹೊರುವವರಲ್ಲಿ ಹಿಂದೂಗಳೂ ಇದ್ದಾರೆ. ಯಾವ ಸೃಷ್ಟಿಪುರಾಣದ ನೆರವೂ ಇಲ್ಲದೆ ಒಂದು ನಾಡು ದೈವವೊಂದನ್ನು ತನ್ನದಾಗಿಸಿಕೊಂಡ ಬಗೆ ಇದು.

ಇದೇ ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ಅವನ ಹೆಸರಿಗಾಗಿ ಎಲ್ಲರೂ ಓದುತ್ತಾರೆ. ಹಿಂದೆ ಜಂಬೂದ್ವೀಪದಲ್ಲಿ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆಂದು ಅದು ಹೇಳಿಕೊಳ್ಳುವುದನ್ನು ವಿದ್ಯಾರ್ಥಿಗಳು ಅಷ್ಟಾಗಿ ಗಮನಿಸುವುದಿಲ್ಲ. ಆ ವಾಕ್ಯದ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಬೆರೆತ ದೇವತೆಯೇ ಹೇಳಿಕೊಳ್ಳಲು ಯೋಗ್ಯವಾದ ದೇವತೆಯೆಂಬ ಭಾವನೆಯಂತೂ ಅಲ್ಲಿ ಕಾಣುತ್ತದೆ.

ಈಗ ಕೆಸರಿನಿಂದಾದ ಜನರ ಕಡೆಗೆ ಬರೋಣ. ಪುಸ್ತಕದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ ಭಾಗ ಇದೇ. ಹೊನ್ನು, ಮಣ್ಣು, ಕೆಸರು ಎಂಬ ಕ್ರಮ ಹೊಸದಲ್ಲ. ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಚಿನ್ನ ಬೆಳ್ಳಿ ಕಬ್ಬಿಣಗಳು ಬೆರೆತ ಮನುಷ್ಯರ ಕಥೆಯನ್ನು ಹೇಳಿಸುತ್ತಾನೆ. ಅದು ರಾಜ್ಯದ ಹಿತಕ್ಕಾಗಿ ಕಟ್ಟಿದ ಕಥೆಯೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಋಗ್ವೇದದ ಪುರುಷಸೂಕ್ತವು ನಾಲ್ಕು ವರ್ಣಗಳನ್ನು ಒಂದೇ ದೇಹದ ಮೇಲಿಂದ ಕೆಳಗಿನವರೆಗೆ ಇಳಿಸುವುದು ಸರ್ವವಿದಿತ. ಮಲಿನೋವ್‌ಸ್ಕಿ ೧೯೨೬ರಲ್ಲಿ ಪುರಾಣವು ಸಮಾಜದ ಸನದು ಎಂದು ಪ್ರತಿಪಾದಿಸಿದನು; ಈಗ ಇರುವ ಹಕ್ಕಿಗೆ ಆದಿಯಿಂದ ಸಹಿ ತಂದುಕೊಡುವ ಕಾಗದ ಅದು. ನಮ್ಮ ವಿದ್ಯಾರ್ಥಿಗಳು ಆಟದ ನಾಡಿನಲ್ಲಿ ಅರಿಯದೆಯೇ ಅಂಥದೊಂದು ಸನದನ್ನು ಬರೆದುಕೊಟ್ಟಿದ್ದಾರೆ, ಅದೂ ಆಳುವವರ ಪರವಾಗಿ.

ಸನದು ಕೆಳಗಿನಿಂದಲೂ ಬರುತ್ತದೆಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಮಾದಿಗರ ಜಾಂಬವ ಪುರಾಣದಲ್ಲಿ ಭೂಮಿ ಹುಟ್ಟುವುದಕ್ಕೆ ಮೊದಲೇ ಹುಟ್ಟಿದವನು ಜಾಂಬವ. ಭೂಮಿಗಿಂತ ಆರು ತಿಂಗಳು ಹಿರಿಯನೆಂಬ ಮಾತೂ ಪ್ರಚಾರದಲ್ಲಿದೆ. ಊರಿನ ಹೊರಗೆ ಇರಿಸಲ್ಪಟ್ಟವರ ಮೂಲಪುರುಷನು ಊರಿಗೂ ನೆಲಕ್ಕೂ ದೇವತೆಗಳಿಗೂ ಹಿರಿಯನೆಂದಮೇಲೆ ಮೇಲುಕೀಳಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಈ ಕಥೆಯನ್ನು ಯಾರು ಬೇಕಾದರೂ ಹೇಳುವಂತಿಲ್ಲ. ಅದನ್ನು ಹೇಳುವವರು ದಕ್ಕಲಿಗರು. ಮಾದಿಗರ ಮನೆಗಳಿಂದ ಪಾಲು ಪಡೆಯುವುದು ಅವರ ಹಕ್ಕು. ಕಥೆ, ಹೇಳುವವನು, ಕೇಳುವ ಮನೆ, ಸಲ್ಲಬೇಕಾದ ಪಾಲು — ಇವು ಒಂದನ್ನೊಂದು ಹಿಡಿದುಕೊಂಡಿವೆ. ಈ ಪರಂಪರೆಯಿಂದಲೇ ಆಧುನಿಕ ಕವಿಯೊಬ್ಬರು, ತುಮಕೂರಿನ ಕೆ. ಬಿ. ಸಿದ್ದಯ್ಯನವರು, 'ದಕ್ಲಕಥಾ ದೇವಿಕಾವ್ಯ'ವನ್ನು ಕಟ್ಟಿದರು. ಮುಂದೆ ಅದು ರಂಗಭೂಮಿಗೂ ಬಂದಿತು. ಹೊಸದಾಗಿ ಸೃಷ್ಟಿಕಥೆ ಕಟ್ಟುವವರು ಟೋಲ್ಕಿನ್ನನ ಗಾನಸೃಷ್ಟಿಯನ್ನು (೧೯೭೭ರಲ್ಲಿ ಪ್ರಕಟವಾದ ಅದು ಸೊಗಸಾದುದೇ, ಸಂಶಯವಿಲ್ಲ) ಅನುಕರಿಸುವುದಕ್ಕೆ ಮೊದಲು ಇದನ್ನು ಓದುವುದು ಲೇಸು.

ಇಷ್ಟು ಹೇಳಿ ಆಟವನ್ನೇ ಹಳಿಯುವುದು ನ್ಯಾಯವಲ್ಲ. ಆಟದವರಲ್ಲಿಯೂ ಈ ಸೂಕ್ಷ್ಮವನ್ನು ಕಂಡವರಿದ್ದಾರೆ. ಗ್ರೆಗ್ ಸ್ಟ್ಯಾಫರ್ಡ್ ಎಂಬವನು ೧೯೬೬ರಿಂದ ಬೆಳೆಸುತ್ತ ಬಂದ 'ಗ್ಲೊರಾಂಥಾ' ಎಂಬ ಲೋಕ ೧೯೭೮ರ 'ರೂನ್‌ಕ್ವೆಸ್ಟ್' ಆಟಕ್ಕೆ ನೆಲೆಯಾಯಿತು. ಅಲ್ಲಿ ಬಿರುಗಾಳಿಯ ದೇವತೆ ಸೂರ್ಯಚಕ್ರವರ್ತಿಯನ್ನು ಕೊಲ್ಲುತ್ತಾನೆ. ಬಿರುಗಾಳಿಯ ಜನರಿಗೆ ಅದು ದಬ್ಬಾಳಿಕೆಯ ಅಂತ್ಯ, ಸೂರ್ಯನ ಜನರಿಗೆ ರಾಜದ್ರೋಹ. ಎರಡು ಜನಾಂಗಗಳಿಗೆ ಎರಡು ಪಾಠ. ಆಟಗಾರನು ಯಾವ ಮನೆಯಲ್ಲಿ ಹುಟ್ಟಿದ ಪಾತ್ರವನ್ನು ವಹಿಸುತ್ತಾನೋ ಆ ಪಾಠ ಅವನದು. ನಮ್ಮ ಆದಿಶಕ್ತಿಯ ಕಥೆಗಳಲ್ಲಿಯೂ ಹೀಗೆಯೇ: ತ್ರಿಮೂರ್ತಿಗಳನ್ನು ಹೆತ್ತ ತಾಯಿ ಮೊದಲೋ, ಅವಳನ್ನು ಸುಟ್ಟ ಮಗ ಮೇಲೋ ಎಂಬುದು ಹಾಡುವವರನ್ನು ಹೊಂದಿಕೊಂಡಿದೆ.

ಸಂತೋಷದ ಸಂಗತಿಯೆಂದರೆ ವಿದ್ಯಾರ್ಥಿಗಳ ಪುಸ್ತಕದಲ್ಲಿಯೂ ಅಂಥ ಒಂದು ಪುಟವಿದೆ. ದಕ್ಷಿಣದ ಹೊಳೆಯ ದೇವಿಗೆ ಎರಡು ದಡಗಳಲ್ಲಿ ಎರಡು ಹೆಸರು. ಅವಳು ತಮ್ಮ ದಡದಲ್ಲಿಯೇ ಹುಟ್ಟಿದಳೆಂದು ಎರಡೂ ಕಡೆಯವರ ವಾದ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ನಡುವಣ ಮರಳಿನಲ್ಲಿ ಇಬ್ಬರ ಜಾತ್ರೆಯೂ ಒಂದೇ ದಿನ. ತುಂಗಭದ್ರೆಯ ಬದಿಯಲ್ಲಿ ಬೆಳೆದವರು ಹೊರತು ಬೇರೆಯವರಿಗೆ ಇದು ಹೊಳೆಯುವಂತಿರಲಿಲ್ಲ. ಹನ್ನೆರಡು ದೇವತೆಗಳ ಪೈಕಿ ಇವಳಿಗೆ ಮಾತ್ರ ಜಗಳವಾಡುವ ಭಕ್ತರಿದ್ದಾರೆ. ಬಂಡೆಯ ಕಥೆಯನ್ನು ಬದಿಗಿಟ್ಟು ಈ ಮರಳಿನ ಜಾತ್ರೆಯಿಂದಲೇ ತೊಡಗಿ ಪುಸ್ತಕವನ್ನು ತಿದ್ದಬೇಕೆಂದು ನಾವು ಸೂಚಿಸಿದ್ದೇವೆ. ಕೆಸರಿನ ಜನರ ಪ್ರಕರಣವನ್ನು ತೆಗೆದುಹಾಕುವುದಾಗಿ ಅವರು ಹೇಳಿದರು. ಅದಕ್ಕೆ ನಮ್ಮ ಸಮ್ಮತಿಯಿಲ್ಲ. ಹೊನ್ನಿನವರು ಹೇಳುವ ಕಥೆಯೆಂದು ಅದು ಅಲ್ಲಿಯೇ ಇರಲಿ. ಕೆಸರಿನವರೆಂದು ಕರೆಸಿಕೊಂಡವರು ತಮ್ಮ ಕೇರಿಯಲ್ಲಿ ಹೇಳಿಕೊಳ್ಳುವ ಕಥೆಯೂ, ಅದನ್ನು ಹೇಳುವವನ ಹೆಸರೂ, ಅವನಿಗೆ ಸಲ್ಲುವ ಪಾಲೂ ಎದುರುಪುಟದಲ್ಲಿ ಬರಲಿ. ಆ ಪುಟ ಸದ್ಯಕ್ಕೆ ಖಾಲಿಯಿದೆ.